ಬಾಕಿ ಹಣ ಕೇಳಿ ಕಾಗದ ಬರೆದರೆ ತಪ್ಪೇನು?

ದುಡಿದ ಹಣ ಸಮಯಕ್ಕೆ ಕೈಸೇರಲಿಲ್ಲ ಎಂದು ಇಲ್ಲಿಂದ ಫೋನಿನಲ್ಲಿ ಹೇಳಿಕೊಂಡರೆ ಊರಿನಿಂದ ಬರುವ ಉತ್ತರ ಬಹುಪಾಲು ಒಂದೇ. ‘ಪರದೇಶ ಕಣಪ್ಪಾ, ಅವರನ್ನ ಎದುರು ಹಾಕ್ಕೋಬೇಡ. ಇವತ್ತಲ್ಲ ನಾಳೆ ಕೊಡ್ತಾರೆ.’ ಅಪ್ಪ ಹೇಳುತ್ತಾರೆ, ಮಾವ ಹೇಳುತ್ತಾರೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರೂ ಹೇಳುತ್ತಾರೆ. ಪ್ರೀತಿಯಿಂದ, ಮಗನ ವೀಸಾ ನೆನೆದು ಹೆದರಿ ಹೇಳುವ ಮಾತು ಅದು. ಆದರೆ ಆ ಮಾತು ಕೇಳಿ ಸುಮ್ಮನೆ ಕೂತವರ ಎಷ್ಟೋ ಬಾಕಿ ಇಲ್ಲಿ ಕೊಚ್ಚಿಕೊಂಡು ಹೋಗಿದೆ. ಫುನಾಬೊರಿಯಲ್ಲಿ ಮನೆ ಮಾಡಿಕೊಂಡಿರುವ ನಾವು ಕೆಲವರು ಸೇರಿ ಊರಿನ ಹಿರಿಯರಿಗೆ ಹೇಳಬೇಕೆಂದಿರುವುದು ಇಷ್ಟೇ: ಕೊಡಬೇಕಾದವನಿಗೆ ಕ್ರಮವಾಗಿ, ದಿನಾಂಕ ಹಾಕಿ, ತಗಾದೆಯ ಕಾಗದ ಬರೆಯುವುದು ಜಗಳವಲ್ಲ. ಅದರಲ್ಲೂ ಜಪಾನಿನಲ್ಲಿ ಅದು ಜಗಳವೇ ಅಲ್ಲ.

ಫುನಾಬೊರಿ ಎಂದರೆ ಟೋಕಿಯೊ ನಗರದ ಪೂರ್ವದಂಚಿನಲ್ಲಿರುವ ಎದೊಗಾವಾ ವಾರ್ಡಿನ ಒಂದು ಬಡಾವಣೆ. ತೋಯೇ ಶಿಂಜುಕು ಎಂಬ ಮೆಟ್ರೊ ಮಾರ್ಗದಲ್ಲಿ ಒಂದು ನಿಲ್ದಾಣ, ಅದರ ಎದುರಿಗೇ 1999ರಲ್ಲಿ ತೆರೆದ ಟವರ್ ಹಾಲ್ ಎಂಬ ಎತ್ತರದ ಕಟ್ಟಡ. 2000ನೇ ಇಸವಿಯ ಕಂಪ್ಯೂಟರ್ ಗಡಿಬಿಡಿಯ ಕಾಲದಲ್ಲಿ ಬಂದ ಭಾರತದ ಎಂಜಿನಿಯರುಗಳು ಪಕ್ಕದ ನಿಶಿ ಕಸಾಯ್‌ನಲ್ಲಿ ನೆಲೆಯೂರಿದರು. ಈಗ ಜಪಾನಿನಲ್ಲಿ ಭಾರತೀಯರು ಹೆಚ್ಚು ಸೇರಿರುವ ಜಾಗ ಯಾವುದೆಂದರೆ ಇದೇ ವಾರ್ಡು. ಫುನಾಬೊರಿಯಲ್ಲಿ ಇಸ್ಕಾನ್ ದೇವಸ್ಥಾನವಿದೆ. ತೊಗರಿಬೇಳೆ, ಕರಿಬೇವು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇನ್ನೊಂದು ಕಟ್ಟಡವೂ ಇದೆ, ಅದನ್ನು ನಮ್ಮಲ್ಲಿ ಹೆಚ್ಚಿನವರು ದಿನಾ ದಾಟಿ ಹೋಗುತ್ತಾರೆ, ಒಳಗೆ ಕಾಲಿಟ್ಟಿರುವುದಿಲ್ಲ. ಎದೊಗಾವಾ ಕಾರ್ಮಿಕ ಮಾನದಂಡ ತಪಾಸಣಾ ಕಚೇರಿ ಅದು. ಸಂಬಳ ಕೊಡದ ಮಾಲೀಕನನ್ನು ಕರೆಸಿ ಕೇಳುವ ಸರ್ಕಾರಿ ಕಚೇರಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇವೆ.

ಇಲ್ಲಿಗೆ ಬಂದವರೆಲ್ಲ ದೊಡ್ಡ ಕಂಪನಿಯಲ್ಲಿ ತಿಂಗಳ ಸಂಬಳ ಎಣಿಸುವವರು ಎಂದು ಊರಿನಲ್ಲಿ ತಿಳಿದಿರುವುದುಂಟು. ಹಾಗೇನಿಲ್ಲ. ಹತ್ತು ಜನರ ಸಣ್ಣ ಕಂಪನಿಯಿಂದ ಇನ್ನೊಂದು ಕಂಪನಿಗೆ ಬಾಡಿಗೆಗೆ ಹೋಗುವ ಎಂಜಿನಿಯರುಗಳಿದ್ದಾರೆ. ಸ್ವಂತವಾಗಿ ಕೆಲಸ ಹಿಡಿದು ತಿಂಗಳ ಕೊನೆಗೆ ಬಿಲ್ಲು ಕಳಿಸುವವರಿದ್ದಾರೆ. ವಾರಕ್ಕೆ 28 ಗಂಟೆಯ ಮಿತಿಯೊಳಗೆ, ಅನುಮತಿ ಪಡೆದು ಕೆಲಸ ಮಾಡುವ ಗೃಹಿಣಿಯರಿದ್ದಾರೆ. ಅನುವಾದ, ವೆಬ್‌ಸೈಟ್ ವಿನ್ಯಾಸ, ಯೋಗ ತರಗತಿ, ಹಬ್ಬದ ಅಡುಗೆಯ ಆರ್ಡರು ಎಲ್ಲವೂ ನಡೆಯುತ್ತವೆ. ಸಂಬಳದವರಿಗಿಂತ ಬಿಲ್ಲಿನವರ ಪಾಡೇ ಕಷ್ಟ. ‘ಇಂದು ನಗದು ನಾಳೆ ಉದ್ರಿ’ ಎಂದು ನಮ್ಮ ಕಿರಾಣಿ ಅಂಗಡಿಯವರು ಹಾಕುವ ಬೋರ್ಡನ್ನು ಇಲ್ಲಿ ಯಾರೂ ಹಾಕುವಂತಿಲ್ಲ, ಏಕೆಂದರೆ ಜಪಾನಿನ ವ್ಯಾಪಾರವೆಲ್ಲ ನಡೆಯುವುದೇ ಉದ್ರಿಯ ಮೇಲೆ. ಈ ತಿಂಗಳ ಕೊನೆಗೆ ಲೆಕ್ಕ ಮುಚ್ಚಿ ಮುಂದಿನ ತಿಂಗಳ ಕೊನೆಗೆ ಹಣ ಹಾಕುವುದು ಇಲ್ಲಿ ಸಾಮಾನ್ಯ ಪದ್ಧತಿ. ಬಿಲ್ಲು ಒಂದು ದಿನ ತಡವಾಗಿ ತಲುಪಿದರೆ ಹಣ ಒಂದು ತಿಂಗಳು ತಡವಾಗುತ್ತದೆ. ಆದ್ದರಿಂದ ಹಣ ಬರಲಿಲ್ಲ ಎಂದ ಕೂಡಲೇ ಮೋಸ ಎಂದುಕೊಳ್ಳಬೇಕಿಲ್ಲ. ಎಷ್ಟೋ ಸಲ ಅದು ಲೆಕ್ಕಪತ್ರ ವಿಭಾಗದವರ ಮೇಜಿನ ಮೇಲೆ ಸಿಕ್ಕಿಕೊಂಡ ಕಾಗದ ಅಷ್ಟೇ.

ನಮ್ಮ ನಡುವಿನ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇವೆ. ಧಾರವಾಡದ ಕಡೆಯವರು, ಸ್ವಂತವಾಗಿ ವಿನ್ಯಾಸದ ಕೆಲಸ ಮಾಡುತ್ತಾರೆ. ಒಂದು ಸಣ್ಣ ಕಂಪನಿಗೆ ಕೆಲಸ ಮುಗಿಸಿ ಒಪ್ಪಿಸಿದರು. ಬಿಲ್ಲಿನ ಮೊತ್ತ 2,80,000 ಯೆನ್. ಎರಡು ತಿಂಗಳಾಯಿತು, ಹಣವಿಲ್ಲ. ಮೊಬೈಲಿನಲ್ಲಿ ಸಂದೇಶ ಕಳಿಸಿದರು. ನಮಸ್ಕಾರ, ಕ್ಷಮಿಸಿ, ತೊಂದರೆ ಕೊಡುತ್ತಿದ್ದೇನೆ ಎಂಬ ಪೀಠಿಕೆಯೊಂದಿಗೆ. ಆ ಕಡೆಯಿಂದ ತಲೆಬಾಗುವ ಬೊಂಬೆಯ ಚಿತ್ರ ಬಂತು, ಹಣ ಬರಲಿಲ್ಲ. ಹೀಗೆ ಒಂಬತ್ತು ಸಂದೇಶ. ಅತ್ತೆ ಮಾವಂದಿರು ‘ಹೋಗ್ಲಿ ಬಿಡಮ್ಮಾ, ನಿನ್ನ ಗಂಡನ ಕೆಲಸಕ್ಕೆ ತೊಂದರೆಯಾದೀತು’ ಎಂದರು. ಗಂಡನ ಕಂಪನಿಗೂ ಈ ಕಂಪನಿಗೂ ಯಾವ ಸಂಬಂಧವೂ ಇರಲಿಲ್ಲ. ಐದನೆಯ ತಿಂಗಳು ಅವರು ಒಂದು ಕಾಗದ ಬರೆಸಿ ಅಂಚೆ ಕಚೇರಿಯ ಮೂಲಕ ಕಳಿಸಿದರು. ಎರಡು ಕಂತಿನಲ್ಲಿ ಪೂರ್ತಿ ಹಣ ಬಂತು. ಆ ಕಂಪನಿಯವರು ಈಗಲೂ ರಸ್ತೆಯಲ್ಲಿ ಸಿಕ್ಕರೆ ಮೊದಲಿನಂತೆಯೇ ಬಾಗಿ ನಮಸ್ಕರಿಸುತ್ತಾರಂತೆ.

ಆ ಕಾಗದದ ಹೆಸರು ‘ನೈಯೋ ಶೋಮೇ’. ಒಳಗೇನು ಬರೆದಿದೆ ಎಂಬುದಕ್ಕೆ ಸಾಕ್ಷಿ ಎಂದು ಅರ್ಥ ಹೇಳಬಹುದು. ನಮ್ಮಲ್ಲಿ ಲಾಯರ್ ನೋಟಿಸನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ತಲುಪಿದ ಚೀಟಿಯನ್ನು ಜೋಪಾನವಾಗಿಡುವುದು ರೂಢಿ. ಆ ರಿಜಿಸ್ಟರ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು, ಅದು ಬೇರೆ ಮಾತು. ಆದರೆ ಆ ಚೀಟಿ ಹೇಳುವುದು ಲಕೋಟೆ ತಲುಪಿತು ಎಂದಷ್ಟೇ. ಒಳಗೆ ಖಾಲಿ ಹಾಳೆ ಇತ್ತು ಎಂದು ಎದುರು ಪಕ್ಷದವನು ವಾದಿಸಲು ದಾರಿ ಉಂಟು. ಜಪಾನಿನ ಅಂಚೆ ಇಲಾಖೆ ಆ ದಾರಿಯನ್ನೇ ಮುಚ್ಚಿದೆ. ಒಂದೇ ಕಾಗದದ ಮೂರು ಪ್ರತಿ ತೆಗೆದುಕೊಂಡು ಹೋಗಬೇಕು. ಕೌಂಟರಿನಲ್ಲಿರುವವರು ಮೂರನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿ ಮುದ್ರೆ ಒತ್ತುತ್ತಾರೆ. ಒಂದು ಪ್ರತಿ ಬಾಕಿದಾರನಿಗೆ, ಒಂದು ನಮಗೆ, ಇನ್ನೊಂದು ಅಂಚೆ ಕಚೇರಿಯಲ್ಲಿ ಐದು ವರ್ಷ ಇರುತ್ತದೆ. ತಲುಪಿದ ದಿನದ ಪ್ರಮಾಣವನ್ನೂ ಸೇರಿಸಿದರೆ ಒಂದು ಹಾಳೆಯ ಕಾಗದಕ್ಕೆ ಒಟ್ಟು ಖರ್ಚು ಸಾವಿರದೈನೂರು ಯೆನ್ನಿನೊಳಗೆ. ಇಲ್ಲಿ ಇಬ್ಬರು ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮಾಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಇದಕ್ಕೊಂದು ವಿಚಿತ್ರ ಶಿಸ್ತಿದೆ. ಉದ್ದಕ್ಕೆ ಬರೆಯುವ ಜಪಾನಿ ಕ್ರಮದಲ್ಲಿ ಸಾಲಿಗೆ 20 ಅಕ್ಷರ ಮೀರಬಾರದು, ಹಾಳೆಗೆ 26 ಸಾಲು ಮೀರಬಾರದು. ತಪ್ಪಾದರೆ ಬಿಳಿ ಬಣ್ಣ ಬಳಿಯುವಂತಿಲ್ಲ. ಗೆರೆ ಎಳೆದು, ಎಷ್ಟು ಅಕ್ಷರ ತಿದ್ದಿದ್ದೇವೆ ಎಂದು ಅಂಚಿನಲ್ಲಿ ಬರೆದು ಮುದ್ರೆ ಹಾಕಬೇಕು. ಲಕೋಟೆಯೊಳಗೆ ಬಿಲ್ಲಿನ ನಕಲಾಗಲಿ ಫೋಟೊ ಆಗಲಿ ಇಡುವಂತಿಲ್ಲ, ಕಾಗದ ಮಾತ್ರ. ಎಲ್ಲ ಅಂಚೆ ಕಚೇರಿಗಳಲ್ಲೂ ಇದನ್ನು ತೆಗೆದುಕೊಳ್ಳುವುದಿಲ್ಲ, ದೊಡ್ಡ ಕಚೇರಿಗೇ ಹೋಗಬೇಕು. ಕಂಪ್ಯೂಟರಿನಿಂದ ಕಳಿಸುವ ವ್ಯವಸ್ಥೆಯೂ ಇದೆ, ಅದರ ಅಳತೆಯ ನಿಯಮ ಇಷ್ಟು ಬಿಗಿಯಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆ. ಕಾಗದ ಜಪಾನಿ ಲಿಪಿಯಲ್ಲೇ ಇರಬೇಕು. ರೋಮನ್ ಅಕ್ಷರಕ್ಕೆ ಅವಕಾಶ ಹೆಸರುಗಳಿಗೆ ಮಾತ್ರ. ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ‘ಅರ್ಜೆಂಟ್’ ಎಂದು ತಲೆಬರಹ ಕೊಟ್ಟು, ಕೊನೆಗೆ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂದು ಬರೆಯುವ ನಮ್ಮ ಸರ್ಕಾರಿ ಶೈಲಿಗೆ ಇಲ್ಲಿ ಜಾಗವಿಲ್ಲ. ಒಳ್ಳೆಯದೇ ಆಯಿತು.

ಈ ಕಾಗದಕ್ಕೆ ತನ್ನದೇ ಆದ ಜಾದೂ ಶಕ್ತಿ ಇದೆ ಎಂದು ನಮ್ಮವರಲ್ಲಿ ಕೆಲವರು ನಂಬಿದ್ದಾರೆ. ಅದು ಸರಿಯಲ್ಲ. ಕಾಗದದಲ್ಲಿ ಬರೆದದ್ದು ನಿಜ ಎಂದು ಅಂಚೆ ಇಲಾಖೆ ಹೇಳುವುದಿಲ್ಲ. ಇಂಥ ದಿನ ಇಂಥವರು ಇಂಥವರಿಗೆ ಇಂಥ ಮಾತು ಬರೆದು ಕಳಿಸಿದರು ಎಂದಷ್ಟೇ ಹೇಳುತ್ತದೆ. ಆದರೆ ಆ ಅಷ್ಟಕ್ಕೆ ಎರಡು ಫಲವಿದೆ. ಒಂದು, ಈ ಮನುಷ್ಯ ಬಿಡುವವನಲ್ಲ, ಮುಂದಿನ ಹೆಜ್ಜೆ ಕೋರ್ಟು ಎಂದು ಎದುರಿನವರಿಗೆ ತಿಳಿಯುತ್ತದೆ. ಇನ್ನೊಂದು ಕಾನೂನಿನ ಫಲ. ಜಪಾನಿನ ನಾಗರಿಕ ಸಂಹಿತೆಯ ಪ್ರಕಾರ, ಬಾಕಿ ಕೇಳುವ ಹಕ್ಕು ಅದು ನಮಗಿದೆ ಎಂದು ಗೊತ್ತಾದ ದಿನದಿಂದ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಆ ಅವಧಿ ಮುಗಿಯುವ ಮುನ್ನ ತಗಾದೆ ಮಾಡಿದರೆ ಆರು ತಿಂಗಳ ಉಸಿರು ಸಿಗುತ್ತದೆ. ಆ ಆರು ತಿಂಗಳಲ್ಲಿ ಕೋರ್ಟಿಗೆ ಹೋಗಬೇಕು, ಮತ್ತೊಂದು ಕಾಗದ ಬರೆದು ಇನ್ನೂ ಆರು ತಿಂಗಳು ಎಳೆಯಲು ಬರುವುದಿಲ್ಲ. ನಮ್ಮ ದೇಶದಲ್ಲಿ ಅದೂ ಇಲ್ಲ. ಭಾರತದ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯ ಬಾಕಿಗೆ ಮೂರು ವರ್ಷ. ನಾವು ನೂರು ನೋಟಿಸು ಕೊಟ್ಟರೂ ಒಂದು ದಿನವೂ ಹೆಚ್ಚುವುದಿಲ್ಲ. ಬಾಕಿದಾರನೇ ಅವಧಿಯೊಳಗೆ ‘ಹೌದು, ಕೊಡಬೇಕು’ ಎಂದು ಬರೆದು ಸಹಿ ಹಾಕಿದರೆ ಅಥವಾ ಒಂದಿಷ್ಟು ಹಣ ಕೊಟ್ಟರೆ ಮಾತ್ರ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಊರಿನಲ್ಲಿ ಸಣ್ಣ ಕಾರ್ಖಾನೆ, ಪ್ರಿಂಟಿಂಗ್ ಪ್ರೆಸ್ಸು ಇಟ್ಟುಕೊಂಡಿರುವ ಓದುಗರಿಗೆ ಇದು ಗೊತ್ತಿರಲಿ.

ಹಾಗೆಂದು ಹಣ ಒಂದು ವಾರ ತಡವಾಯಿತೆಂದು ಅಂಚೆ ಕಚೇರಿಗೆ ಓಡುವುದನ್ನೂ ನಾವು ಒಪ್ಪುವುದಿಲ್ಲ. ಜಪಾನಿನವರ ದೃಷ್ಟಿಯಲ್ಲಿ ನೈಯೋ ಶೋಮೇ ಎಂದರೆ ಸ್ನೇಹದ ಮಾತು ಮುಗಿಯಿತು ಎಂದರ್ಥ. ಅದಕ್ಕೆ ಮುಂಚೆ ಮೆಟ್ಟಿಲುಗಳಿವೆ. ಮೊದಲು ಲೆಕ್ಕಪತ್ರ ವಿಭಾಗಕ್ಕೆ ಒಂದು ಫೋನು, ‘ನಮ್ಮ ಬಿಲ್ಲು ನಿಮಗೆ ತಲುಪಿದೆಯೇ’ ಎಂದು. ಆಮೇಲೆ ಸಾದಾ ತಗಾದೆ ಪತ್ರ. ಇಲ್ಲಿನ ತಗಾದೆ ಪತ್ರಗಳಲ್ಲಿ ಕಾಣುವ ಒಂದು ವಾಕ್ಯ ನಮಗೆ ಬಹಳ ಹಿಡಿಸಿದೆ. ಈ ಕಾಗದ ದಾರಿಯಲ್ಲಿರುವಾಗಲೇ ನೀವು ಹಣ ಕಳಿಸಿಬಿಟ್ಟಿದ್ದರೆ ದಯವಿಟ್ಟು ಮನ್ನಿಸಿ ಎಂಬ ಅರ್ಥದ ವಾಕ್ಯ. ಎದುರಿನವನ ಮರ್ಯಾದೆಗೆ ಒಂದು ಬಾಗಿಲು ತೆರೆದಿಟ್ಟು ಕೇಳುವ ಕ್ರಮ ಅದು. ನಮ್ಮ ಹಳ್ಳಿಯಲ್ಲಿ ಸಾಲ ಕೇಳಲು ಹೋದ ಹಿರಿಯರು ಮೊದಲು ಮಳೆ ಬೆಳೆ ಮಾತಾಡಿ, ಕಾಫಿ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ‘ಅದೊಂದು ವಿಷಯ ನೆನಪಿದೆಯಲ್ಲಾ’ ಎನ್ನುತ್ತಿದ್ದರಲ್ಲ, ಅದರ ಜಪಾನಿ ರೂಪ.

ಕಾಗದದಲ್ಲಿ ಏನಿರಬೇಕು? ಯಾವ ದಿನದ ಒಪ್ಪಂದ, ಯಾವ ಕೆಲಸ, ಒಪ್ಪಿಸಿದ ದಿನ ಯಾವುದು, ಬಿಲ್ಲಿನ ಸಂಖ್ಯೆ ಎಷ್ಟು, ಮೊತ್ತ ಎಷ್ಟು, ಹಣ ಬರಬೇಕಿದ್ದ ದಿನ ಯಾವುದು. ಕಾಗದ ತಲುಪಿದ ಇಷ್ಟು ದಿನದೊಳಗೆ ಈ ಖಾತೆಗೆ ಹಾಕಿ, ಇಲ್ಲವಾದರೆ ಕಾನೂನಿನ ಕ್ರಮಕ್ಕೆ ಹೋಗುತ್ತೇವೆ. ಮುಗಿಯಿತು. ಮಕ್ಕಳ ಶಾಲೆ ಫೀಸು, ಊರಿನಲ್ಲಿ ಅಪ್ಪನ ಆಪರೇಷನ್ನು, ನಂಬಿಕೆದ್ರೋಹ ಇವ್ಯಾವುವೂ ಬೇಡ. ನಿಜವಿದ್ದರೂ ಬೇಡ. ತಡವಾದದ್ದಕ್ಕೆ ಬಡ್ಡಿ ಕೇಳಬಹುದು. ಒಪ್ಪಂದದಲ್ಲಿ ಬೇರೆ ದರ ಇಲ್ಲದಿದ್ದರೆ 2020ರ ಏಪ್ರಿಲ್‌ನಿಂದ ಕಾನೂನಿನ ಬಡ್ಡಿ ವರ್ಷಕ್ಕೆ ಶೇಕಡ 3. ಮೇಲೆ ಹೇಳಿದ 2,80,000 ಯೆನ್ನಿಗೆ ಆರು ತಿಂಗಳಿಗೆ 4,200 ಯೆನ್ ಆಗುತ್ತದೆ. ಚಿಕ್ಕ ಮೊತ್ತವೇ, ಆದರೆ ಲೆಕ್ಕ ಬಲ್ಲವರು ಬರೆದ ಕಾಗದ ಇದು ಎಂಬುದಕ್ಕೆ ಗುರುತು. ಕಾಗದಕ್ಕೆ ಹೋಲಿಸಿ ನೋಡಿದರೆ ನಮ್ಮ ದೇಶದ ಕಾನೂನೇ ಖಾರ. 2006ರ ಸಣ್ಣ ಉದ್ದಿಮೆ ಕಾಯ್ದೆಯಂತೆ ನೋಂದಾಯಿತ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾನೂನು ಖಾರವಾಗಿದ್ದು ಪ್ರಯೋಜನವೇನು, ಮುಂದಿನ ಆರ್ಡರು ತಪ್ಪೀತು ಎಂದು ಅದನ್ನು ಬಳಸುವವರೇ ಕಡಿಮೆ.

ಬರೆಯಬಾರದ್ದೂ ಒಂದಿಷ್ಟಿದೆ. ಪೊಲೀಸರಿಗೆ ಹೇಳುತ್ತೇನೆ, ನಿಮ್ಮ ಗಿರಾಕಿಗಳಿಗೆಲ್ಲ ತಿಳಿಸುತ್ತೇನೆ ಎಂದು ಹೆದರಿಸಿದರೆ ಬಾಕಿ ಕೇಳುವವನೇ ಆರೋಪಿಯಾಗುವ ಅಪಾಯವಿದೆ. ಫೇಸ್‌ಬುಕ್ಕಿನಲ್ಲಿ ಕಂಪನಿಯ ಹೆಸರು ಹಾಕಿ ಬರೆಯುವ ಹುಮ್ಮಸ್ಸು ನಮ್ಮ ಹುಡುಗರಿಗೆ ಜಾಸ್ತಿ. ಜಪಾನಿನ ದಂಡ ಸಂಹಿತೆಯಲ್ಲಿ ಮಾನಹಾನಿಯ ಮೊಕದ್ದಮೆಗೆ ‘ನಿಜವನ್ನೇ ಬರೆದೆ’ ಎಂಬ ಉತ್ತರವೊಂದೇ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಇನ್ನು, ಜಪಾನಿಯಲ್ಲಿ ಕಾಗದ ಬರೆಸಲು ಯಾರಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ವೀಸಾ ಅರ್ಜಿ ಬರೆದುಕೊಡುವ ಗ್ಯೋಸೇ ಶೋಶಿ ಎಂಬ ಬರಹಗಾರರು ನಮ್ಮೆಲ್ಲರಿಗೂ ಪರಿಚಿತರು. ಅವರು ಇಂಥ ಕಾಗದವನ್ನು ಬರೆದುಕೊಡಬಲ್ಲರು. ಆದರೆ ನಮ್ಮ ಪರವಾಗಿ ಎದುರಿನವರೊಡನೆ ಮಾತುಕತೆಗೆ ಕೂರುವ ಅಧಿಕಾರ ಅವರಿಗಿಲ್ಲ, ಅದಕ್ಕೆ ವಕೀಲರೇ ಬೇಕು. ‘ನಾನೇ ಹೋಗಿ ವಸೂಲಿ ಮಾಡಿಕೊಡ್ತೀನಿ, ನನಗೆ ಇಷ್ಟು ಪರ್ಸೆಂಟ್ ಕೊಡಿ’ ಎನ್ನುವ ಮಧ್ಯವರ್ತಿ, ಅವನು ಭಾರತದವನೇ ಆಗಿರಲಿ, ಅವನಿಂದ ದೂರವಿರಿ. ವಕೀಲರ ಖರ್ಚು ಕಷ್ಟವಾದರೆ ಹೋತೆರಾಸು ಎಂಬ ಸರ್ಕಾರಿ ಕಾನೂನು ನೆರವು ಸಂಸ್ಥೆ 2006ರಿಂದ ಇದೆ. ಇಂಗ್ಲಿಷಿನಲ್ಲಿ ಮಾತಾಡಬಹುದು. ವರಮಾನ ಕಡಿಮೆಯಿದ್ದು ಕಾನೂನುಬದ್ಧವಾಗಿ ನೆಲೆಸಿರುವ ವಿದೇಶಿಯರಿಗೂ ಅದರ ನೆರವು ಉಂಟು.

ಎಲ್ಲ ಕಾಗದಕ್ಕೂ ಹಣ ಬರುತ್ತದೆಯೇ? ಇಲ್ಲ. ಒಬ್ಬರು ಕಳಿಸಿದ ಲಕೋಟೆ ಹಾಗೇ ವಾಪಸು ಬಂತು. ಆ ಕಂಪನಿ ಕಚೇರಿಯನ್ನೇ ಖಾಲಿ ಮಾಡಿತ್ತು. ಹೀಗಾಗಬಾರದೆಂದರೆ ಬರೆಯುವ ಮೊದಲೇ ಕಂಪನಿಯ ನೋಂದಣಿ ಪತ್ರ ತೆಗೆಸಿ ವಿಳಾಸವನ್ನೂ ನಿರ್ದೇಶಕರ ಹೆಸರನ್ನೂ ನೋಡಿಕೊಳ್ಳಬೇಕು. ನೋಂದಣಿ ಕಚೇರಿಯಲ್ಲಿ ಯಾರು ಬೇಕಾದರೂ ಸಣ್ಣ ಶುಲ್ಕ ಕೊಟ್ಟು ತೆಗೆದುಕೊಳ್ಳಬಹುದು. ಕಾಗದಕ್ಕೆ ಉತ್ತರವೇ ಬರದಿದ್ದರೆ 6,00,000 ಯೆನ್ ತನಕದ ಬಾಕಿಗೆ ಕಿರು ಮೊತ್ತದ ದಾವೆ ಎಂಬ ಸುಲಭ ದಾರಿ ಇದೆ. ಸಾಮಾನ್ಯವಾಗಿ ಒಂದೇ ದಿನದ ವಿಚಾರಣೆಯಲ್ಲಿ ಮುಗಿಯುತ್ತದೆ. 3,00,000 ಯೆನ್ನಿನ ದಾವೆಗೆ ಕೋರ್ಟ್ ಶುಲ್ಕ 3,000 ಯೆನ್. ನಮ್ಮ ಕಡೆಯ ಸಿವಿಲ್ ದಾವೆಗಳ ಕಥೆ ಬಲ್ಲವರಿಗೆ ಇದು ನಂಬಲು ಕಷ್ಟ. ಕೋರ್ಟಿನಿಂದಲೇ ಹಣ ಕೊಡುವಂತೆ ಆದೇಶ ಕಳಿಸುವ ‘ಶಿಹರಾಯ್ ತೊಕುಸೊಕು’ ಎಂಬ ಇನ್ನೊಂದು ಕ್ರಮದಲ್ಲಿ ನಾವು ಹೋಗಿ ನಿಲ್ಲುವ ಅಗತ್ಯವೂ ಇಲ್ಲ. ಎದುರಿನವರು ಎರಡು ವಾರದೊಳಗೆ ಆಕ್ಷೇಪ ಎತ್ತಿದರೆ ಮಾತ್ರ ಅದು ಸಾಮಾನ್ಯ ದಾವೆಯಾಗುತ್ತದೆ. ಎಲ್ಲಿ ಹೋದರೂ ಕೋರ್ಟಿನ ಭಾಷೆ ಜಪಾನಿ, ಅದನ್ನು ಮರೆಯುವಂತಿಲ್ಲ.

ಬಿಲ್ಲಿನ ಮೇಲೆ ಬದುಕುವವರಿಗೆ 2024ರ ನವೆಂಬರ್ 1ರಿಂದ ಒಂದು ಹೊಸ ಕಾನೂನಿನ ಆಸರೆಯೂ ಸಿಕ್ಕಿದೆ. ಒಬ್ಬಂಟಿಯಾಗಿ ದುಡಿಯುವ ಫ್ರೀಲಾನ್ಸರಿಗೆ ಕೆಲಸ ಕೊಡುವ ಕಂಪನಿ ಕೆಲಸದ ಷರತ್ತು, ಹಣದ ಮೊತ್ತ, ಕೊಡುವ ದಿನ ಎಲ್ಲವನ್ನೂ ಬರಹದಲ್ಲಿ ಅಥವಾ ಇಮೇಲಿನಲ್ಲಿ ಕೊಡಲೇಬೇಕು. ಕೆಲಸ ಒಪ್ಪಿಸಿದ 60 ದಿನದೊಳಗೆ ಹಣ ಕೊಡುವುದು ಸಾಮಾನ್ಯ ನಿಯಮ. ಹಾಗಾಗಿ ಈಗ ತಗಾದೆ ಕಾಗದದಲ್ಲಿ ಆ ಕಾನೂನಿನ ಹೆಸರು ಒಂದು ಸಾಲು ಬಂದರೆ ತೂಕ ಬೇರೆ. ಟೋಕಿಯೊದ ವಕೀಲರ ಸಂಘವೊಂದು ನಡೆಸುವ ಫ್ರೀಲಾನ್ಸ್ ಟ್ರಬಲ್ 110 ಎಂಬ ಸಲಹಾ ಕೇಂದ್ರದಲ್ಲಿ ಹಣ ಕೊಡದೆಯೇ ವಕೀಲರನ್ನು ಕೇಳಬಹುದು. ಆದರೆ ಕುಟುಂಬ ವೀಸಾದಲ್ಲಿರುವವರು ತಾವು ಮಾಡುವ ಕೆಲಸಕ್ಕೆ ತಕ್ಕ ಅನುಮತಿ ಇದೆಯೇ ಎಂದು ಕೆಲಸ ಹಿಡಿಯುವ ಮೊದಲೇ ನೋಡಿಕೊಳ್ಳಲಿ. ಅನುಮತಿ ಇಲ್ಲದ ಭಯದಿಂದಲೇ ಬಾಯಿ ಮುಚ್ಚಿಕೊಂಡವರು ನಮ್ಮಲ್ಲಿದ್ದಾರೆ, ಆ ಭಯ ಗೊತ್ತಿದ್ದೇ ಕೆಲಸ ಕೊಡುವವರೂ ಇದ್ದಾರೆ.

ಈಗ ಸಂಬಳದ ಮಾತು. ಊರಿನ ತಂದೆ ತಾಯಂದಿರಿಗೆ ಹೆಚ್ಚಿನ ಚಿಂತೆ ಇದೇ ತಾನೆ. ಜಪಾನಿನ ಕಾರ್ಮಿಕ ಮಾನದಂಡ ಕಾಯ್ದೆ ಸಂಬಳವನ್ನು ಪೂರ್ತಿಯಾಗಿ, ನೇರವಾಗಿ ಕೆಲಸಗಾರನಿಗೇ, ತಿಂಗಳಿಗೆ ಕಡೇಪಕ್ಷ ಒಮ್ಮೆ, ಗೊತ್ತಾದ ದಿನ ಕೊಡಬೇಕು ಎನ್ನುತ್ತದೆ. ಕೊಡದಿದ್ದರೆ 3,00,000 ಯೆನ್ ತನಕ ದಂಡ. ಕೆಲಸಗಾರ ಯಾವ ದೇಶದವನು ಎಂದು ನೋಡಿ ಸಂಬಳದಲ್ಲಿ ಭೇದ ಮಾಡಬಾರದೆಂದು ಅದೇ ಕಾಯ್ದೆಯ ಮೂರನೆಯ ವಿಧಿ ಹೇಳುತ್ತದೆ. ಸಂಬಳದ ಬಾಕಿ ಕೇಳಲು ಈಗಿರುವ ಅವಧಿ ಮೂರು ವರ್ಷ ಮಾತ್ರ, 2020ಕ್ಕೆ ಮುಂಚೆ ಎರಡೇ ವರ್ಷವಿತ್ತು. ಇಲ್ಲಿಯೂ ಮೊದಲ ಹೆಜ್ಜೆ ಕಾಗದವೇ. ಇಂಥ ತಿಂಗಳ ಸಂಬಳ ಇಷ್ಟು ಬಂದಿಲ್ಲ, ಇಂಥ ದಿನದೊಳಗೆ ಕೊಡಿ ಎಂದು. ಏಕೆಂದರೆ ತಪಾಸಣಾ ಕಚೇರಿಗೆ ಹೋದಾಗ ಅವರು ಮೊದಲು ಕೇಳುವ ಮಾತುಗಳಲ್ಲಿ ‘ನೀವು ಕಂಪನಿಯನ್ನು ಕೇಳಿದಿರಾ’ ಎಂಬುದೂ ಒಂದು. ಒಪ್ಪಂದ, ಸಂಬಳದ ಚೀಟಿ, ಹಾಜರಿಯ ದಾಖಲೆ, ಕಾಗದದ ಪ್ರತಿ ಜೊತೆಗಿದ್ದರೆ ಕೆಲಸ ಸಲೀಸು. ಒಂದು ಎಚ್ಚರಿಕೆ: ಮನೆ ಫುನಾಬೊರಿಯಲ್ಲಿದೆ ಎಂದು ಫುನಾಬೊರಿಯ ಕಚೇರಿಗೇ ದೂರು ಕೊಟ್ಟರೆ ಸಾಲದು. ಕೆಲಸದ ಜಾಗ ಯಾವ ವಾರ್ಡಿನಲ್ಲಿದೆಯೋ ಆ ಕಡೆಯ ಕಚೇರಿಗೆ ಹೋಗಬೇಕು. ಬಿಲ್ಲಿನ ಬಾಕಿಯನ್ನು ಈ ಕಚೇರಿ ನೋಡುವುದಿಲ್ಲ, ಸಂಬಳವನ್ನು ಮಾತ್ರ.

‘ದೂರು ಕೊಟ್ಟರೆ ಕೆಲಸದಿಂದ ತೆಗೆಯುವುದಿಲ್ಲವೇ, ವೀಸಾ ಹೋಗುವುದಿಲ್ಲವೇ’ ಎಂದು ಊರಿನಿಂದ ಕೇಳುತ್ತಾರೆ. ದೂರು ಕೊಟ್ಟ ಕಾರಣಕ್ಕೆ ತೆಗೆಯುವುದನ್ನು ಕಾಯ್ದೆ ನಿಷೇಧಿಸಿದೆ. ಎಂಜಿನಿಯರ್ ವೀಸಾ ಇರುವುದು ಆ ಮನುಷ್ಯನಿಗೆ, ಅದು ಕಂಪನಿಯ ಮಾಲೀಕನ ಜೇಬಿನಲ್ಲಿರುವುದಿಲ್ಲ. ಕೆಲಸ ಬಿಟ್ಟರೂ ಅದು ಮರುದಿನವೇ ರದ್ದಾಗುವುದಿಲ್ಲ. 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ತಕ್ಕ ಕಾರಣವಿಲ್ಲದೆ ಮೂರು ತಿಂಗಳು ಆ ವೀಸಾಗೆ ಹೊಂದುವ ಕೆಲಸವಿಲ್ಲದೆ ಕೂತರೆ ರದ್ದು ಮಾಡಲು ಅವಕಾಶವಿದೆ, ಅಷ್ಟರೊಳಗೆ ಬೇರೆ ಕೆಲಸ ಹುಡುಕಬೇಕು. ಕೊಲ್ಲಿ ದೇಶಗಳಲ್ಲಿ ಪ್ರಾಯೋಜಕನ ಕೈಯಲ್ಲಿ ಸಿಕ್ಕಿ ನರಳಿದ ನಮ್ಮ ಕರಾವಳಿಯವರ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಹೆದರಿಕೆ ಸಹಜ. ಆದರೆ ಅಲ್ಲಿನ ಅಳತೆಗೋಲಿನಿಂದ ಇಲ್ಲಿ ಅಳೆಯಬೇಡಿ ಎನ್ನುತ್ತೇವೆ. ಮಗ ಇಲ್ಲಿ ವರ್ಷ ಗಟ್ಟಲೆ ಸಂಬಳವಿಲ್ಲದೆ ‘ಹೊಂದಿಕೊಂಡು’ ಹೋದರೆ ವೀಸಾ ನವೀಕರಣದ ಹೊತ್ತಿಗೆ ವರಮಾನ ತೆರಿಗೆಯ ಕಾಗದದಲ್ಲಿ ವರಮಾನವೇ ಕಾಣುವುದಿಲ್ಲ. ತೊಂದರೆ ಬರುವುದು ಆಗ.

ಸುಮ್ಮನೆ ಕಾಯುವುದಕ್ಕೆ ಇನ್ನೊಂದು ಬೆಲೆಯೂ ಇದೆ. ಕಂಪನಿ ದಿವಾಳಿಯಾದರೆ ಬಾಕಿ ಸಂಬಳದ ಶೇಕಡ 80ನ್ನು, ವಯಸ್ಸಿಗೆ ತಕ್ಕ ಮಿತಿಯೊಳಗೆ, ಸರ್ಕಾರದ ಸಂಸ್ಥೆಯೇ ಮುಂದಾಗಿ ಕೊಡುವ ವ್ಯವಸ್ಥೆ ಜಪಾನಿನಲ್ಲಿದೆ. ಇದು ವಿದೇಶಿಯರಿಗೂ ಅನ್ವಯಿಸುತ್ತದೆ. ಆದರೆ ದಿವಾಳಿ ಅರ್ಜಿಗೆ ಆರು ತಿಂಗಳಿಗಿಂತ ಮುಂಚೆಯೇ ಕೆಲಸ ಬಿಟ್ಟುಬಿಟ್ಟವರಿಗೆ ಅದು ಸಿಗುವುದಿಲ್ಲ. ‘ಕೊಡ್ತಾರೆ, ಕೊಡ್ತಾರೆ’ ಎಂದು ಬಾಯಿಮಾತು ನಂಬಿ, ಕೊನೆಗೆ ಬೇಸತ್ತು ಕೆಲಸ ಬಿಟ್ಟು, ಆಮೇಲೂ ಏನೂ ಬರೆಯದೆ ಕಾದವನಿಗೆ ಆ ಬಾಗಿಲು ಮುಚ್ಚಿರುತ್ತದೆ. ಈ ಲೆಕ್ಕ ತಿಳಿಯದೆ ‘ಸ್ವಲ್ಪ ತಾಳ್ಮೆ ಇರಲಿ’ ಎಂದು ಊರಿನಿಂದ ಹೇಳಿದವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಇನ್ನು ಮುಂದೆ ಫೋನಿನಲ್ಲಿ ‘ಜಗಳ ಬೇಡ’ ಎನ್ನುವ ಮೊದಲು ‘ಕಾಗದ ಬರೆದೆಯಾ, ಯಾವ ತಾರೀಖು ಹಾಕಿದ್ದೀಯ’ ಎಂದು ಕೇಳಿ ಎಂಬುದು ನಮ್ಮ ಕೋರಿಕೆ.

ಊರಿಗೆ ವಾಪಸು ಹೊರಟವರ ಪಾಡು ಇನ್ನೂ ಸೂಕ್ಷ್ಮ. ಕೊನೆಯ ತಿಂಗಳ ಸಂಬಳ, ಮನೆಯ ಮುಂಗಡ, ಕಡೆಯ ಬಿಲ್ಲು ಮೂರೂ ಒಟ್ಟಿಗೆ ಬಾಕಿ ಇರುತ್ತವೆ. ವಿಮಾನದ ಟಿಕೆಟ್ ಕೈಯಲ್ಲಿದೆ ಎಂದು ಎದುರಿನವರಿಗೂ ಗೊತ್ತಿರುತ್ತದೆ. ಮನೆಯ ಮುಂಗಡದ ವಿಷಯದಲ್ಲಿ, ವಾಸವಿದ್ದಾಗ ಸಹಜವಾಗಿ ಸವೆದ ಗೋಡೆ, ಮಾಸಿದ ಚಾಪೆಗೆ ಬಾಡಿಗೆದಾರ ಹೊಣೆಯಲ್ಲ ಎಂದು 2020ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಂಹಿತೆಯೇ ಹೇಳಿದೆ. ಒಗ್ಗರಣೆಯ ಎಣ್ಣೆ ಜಿಡ್ಡು ಸಹಜ ಸವೆತವೋ ಅಲ್ಲವೋ ಎಂಬ ಚರ್ಚೆ ನಮ್ಮವರ ಮನೆಗಳಲ್ಲಿ ಮುಗಿಯುವಂಥದ್ದಲ್ಲ, ಅಡುಗೆಮನೆ ತೊಳೆದು ಫೋಟೊ ತೆಗೆದಿಟ್ಟುಕೊಳ್ಳಿ. ಸಂಬಳದ ವಿಷಯದಲ್ಲಿ, ಕೆಲಸ ಬಿಟ್ಟವನು ಕೇಳಿದರೆ ಏಳು ದಿನದೊಳಗೆ ಕೊಡಬೇಕೆಂಬ ನಿಯಮವಿದೆ. ಕೇಳಿದರೆ ಮಾತ್ರ. ಬಿಟ್ಟ ಮೇಲೂ ಕೊಡದೆ ಉಳಿಸಿಕೊಂಡ ಸಂಬಳಕ್ಕೆ ಬಡ್ಡಿ ಶೇಕಡ 3 ಅಲ್ಲ, 14.6. ಹಾಗಾಗಿ ಕೇಳಿದ ದಿನದ ಗುರುತು ಕೈಯಲ್ಲಿರಲಿ. ನೈಯೋ ಶೋಮೇ ಜಪಾನಿನ ಒಳಗಿನ ಅಂಚೆಗೆ ಮಾತ್ರ ಇರುವ ವ್ಯವಸ್ಥೆ, ಬೆಂಗಳೂರಿನ ಜಿಪಿಒಗೆ ಹೋಗಿ ಕಳಿಸಲು ಬಾರದು. ಅದನ್ನು ಮುಗಿಸಿಯೇ ನರಿತಾ ಕಡೆ ಹೊರಡಬೇಕು.

ಇನ್ನೊಂದು, ಗೆಳೆಯರಿಗೆ ಅಧಿಕಾರ ಪತ್ರ ಬರೆದುಕೊಟ್ಟು ಹೋಗುವವರಿಗೆ. ಬಿಲ್ಲಿನ ಹಣವನ್ನೋ ಮನೆಯ ಮುಂಗಡವನ್ನೋ ಗೆಳೆಯ ನಿಮ್ಮ ಪರವಾಗಿ ಪಡೆಯಬಹುದು. ಸಂಬಳವನ್ನು ಮಾತ್ರ ಕೆಲಸಗಾರನಿಗೇ ನೇರವಾಗಿ ಕೊಡಬೇಕೆಂಬ ಕಾಯ್ದೆ ಇರುವುದರಿಂದ, ಪ್ರತಿನಿಧಿಗೆ ಕೊಡಲು ಕಂಪನಿ ಒಪ್ಪುವಂತಿಲ್ಲ. ಆದ್ದರಿಂದ ಕೊನೆಯ ಸಂಬಳ ಬಂದು ಬೀಳುವವರೆಗೆ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಖಾತೆಯ ವಿಷಯ ಹೇಗೆಂದು ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.